ಬಾಟಲಿಗೆ ಕಟ್ಟಿದ ದಾರ

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪಾಲಿಶಕ್ಕ ಅಂಗಡಿಯ ಹಿಂಬಾಗಿಲು ದೂಡಿಕೊಂಡು ಒಳಮನೆಗೆ ಬಂದಳು. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಹಳೆಯ ಬಟ್ಟೆ ಹರಿಯುತ್ತಿದ್ದ ಅವಳ ಅಮ್ಮ ಕೈ ನಿಲ್ಲಿಸಿ, ಮುಖವೆತ್ತಿ, "ಬಂದಿರಾ?" ಎಂದರು.

ಪಾಲಿಶಕ್ಕ ತಿರುಗಿ ನೋಡಿದಳು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಅವಳೇ ದೂಡಿದ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

"ಯಾರನ್ನಮ್ಮ ಕೇಳ್ತಿರೋದು? ನಾನು."

"ನೀನಾ?" ಅಮ್ಮ ಮಡಿಲ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. "ಹೆಜ್ಜೆ ಕೇಳಿ ಅವರು ಅಂದ್ಕೊಂಡೆ."

ಅವರು ಎಂದರೆ ಅಪ್ಪ. ಅಪ್ಪ ತೀರಿಕೊಂಡು ಮೂವತ್ತೊಂದು ವರ್ಷವಾಗಿತ್ತು.

ವಯಸ್ಸಾದವರು ಒಮ್ಮೊಮ್ಮೆ ಕಾಲ ತಪ್ಪಿ ಮಾತಾಡುವುದುಂಟು. ಆದರೆ ಪಾಲಿಶಕ್ಕನ ಅಮ್ಮ ಹಾಗೆ ತಪ್ಪುವವರಲ್ಲ. ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು, ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. ತಲೆ ಮಾತ್ರ ಸೂಜಿಮೊನೆಯಷ್ಟು ಚುರುಕು. ಬೀದಿಯಲ್ಲಿ ಹೋಗುವವರನ್ನು ಚಪ್ಪಲಿಯ ಸದ್ದಿನಿಂದಲೇ ಇಂಥವರೆಂದು ಹೇಳುತ್ತಿದ್ದರು. ಅಂಚೆಯವನು ಹೊಸ ಶೂ ಹಾಕಿಕೊಂಡು ಬಂದ ದಿನ, "ಎಡಗಾಲು ಎಳೀತಿದಾನೆ, ಶೂ ಕಚ್ಚಿರಬೇಕು" ಎಂದು ಅವನ ಹಿಮ್ಮಡಿಗೆ ಇಟ್ಟುಕೊಳ್ಳಲು ಹತ್ತಿ ಕೊಟ್ಟು ಕಳಿಸಿದ್ದರು. ಅಂಥ ಕಿವಿ, ಹೆತ್ತ ಮಗಳ ಹೆಜ್ಜೆಯನ್ನು ತಪ್ಪಾಗಿ ಕೇಳಿಸಿಕೊಂಡಿತು ಎಂದರೆ ನಂಬುವುದು ಕಷ್ಟ.

ಪಾಲಿಶಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಮರದ ಸಾಮಾನಿಗೆ ಪಾಲಿಶ್ ಹಾಕುವ ಕೆಲಸ. ತಾತ ಶುರು ಮಾಡಿದ್ದು, ಅಪ್ಪ ಮುಂದುವರಿಸಿದ್ದು, ಅಪ್ಪ ಹೋದಾಗ ಹದಿನಾಲ್ಕು ವರ್ಷದ ಅವಳ ಕೈಗೆ ಬಂದದ್ದು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲ ಹೋಯಿತು, ಕೆಲಸ ಮಾತ್ರ ಹೋಗಲಿಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಮೆತ್ತನೆಯ ಹಳೆ ಬಟ್ಟೆಯಲ್ಲಿ ಕಟ್ಟಿ, ಅದ್ದಿ ಅದ್ದಿ ಮರದ ಮೇಲೆ ಸಣ್ಣ ಸುತ್ತುಗಳಲ್ಲಿ ತಿಕ್ಕಬೇಕು. ಅವಸರ ಮಾಡಿದರೆ ಮರ ಮುನಿಸಿಕೊಳ್ಳುತ್ತದೆ. ನೂರು ಸಲ ಕೈ ಓಡಿದ ಮೇಲೆ, ಮರದ ಒಳಗೆ ಯಾರೋ ದೀಪ ಹಚ್ಚಿದ ಹಾಗೆ ಹೊಳಪು ಏಳುತ್ತದೆ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಪ್ರತಿ ಸ್ಪಿರಿಟ್ ಬಾಟಲಿಗೂ, ಒಳಗಿನ ಸ್ಪಿರಿಟ್ ಎಲ್ಲಿಯವರೆಗೆ ಇದೆಯೋ ಸರಿಯಾಗಿ ಆ ಮಟ್ಟಕ್ಕೆ, ಒಂದು ಕೆಂಪು ದಾರ ಕಟ್ಟುವುದು. ಯಾವ ಕೆಲಸಕ್ಕೆ ಎಷ್ಟು ಹೋಯಿತೆಂದು ತಿಳಿಯುವುದಕ್ಕೆ ಎಂದು ಅಮ್ಮ ಹೇಳಿಕೊಟ್ಟಿದ್ದರು. ಪಾಲಿಶಕ್ಕ ಮೂವತ್ತೊಂದು ವರ್ಷ ಒಂದು ಸಂಜೆಯೂ ತಪ್ಪಿಸಿರಲಿಲ್ಲ. "ಇದು ಕಸುಬಿನ ಕ್ರಮ ಕಣೋ" ಎಂದು ಎದುರು ಅಂಗಡಿಯ ಬಡಗಿಗೂ ಕಲಿಸಿದ್ದಳು. ಆ ಪಾಪದವನು ತನ್ನ ಅಂಟಿನ ಡಬ್ಬಿಗಳಿಗೆ ದಾರ ಕಟ್ಟುತ್ತಿದ್ದ. ಜಗತ್ತಿನಲ್ಲಿ ಬೇರೆ ಯಾವ ಪಾಲಿಶಿನವರೂ ಹಾಗೆ ಮಾಡುವುದಿಲ್ಲವೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಅಪ್ಪ ಕುಡಿಯುತ್ತಿದ್ದರು. ಯಾರೂ ಹೇಳದಿದ್ದರೂ ಮಕ್ಕಳಿಗೆ ಕೆಲವು ವಿಷಯ ಗೊತ್ತಿರುತ್ತವಲ್ಲ, ಹಾಗೆ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಅದಕ್ಕೆ ಸುಸ್ತು ಎನ್ನುತ್ತಿದ್ದರು. "ಅಪ್ಪನಿಗೆ ಸುಸ್ತು, ಗಲಾಟೆ ಮಾಡಬೇಡ." ಸತ್ತಾಗ ಅದೇ ಸುಸ್ತು ಎದೆನೋವಾಯಿತು. ತಾತ ಹೋದದ್ದೂ ಎದೆನೋವಿನಿಂದ. ಒಬ್ಬ ಸೋದರತ್ತೆ ಇದ್ದಳು, ನಲವತ್ತು ದಾಟುವ ಮೊದಲೇ ಹೋದಳು, ಅವಳಿಗೂ ಎದೆನೋವು. "ಏನಮ್ಮ, ನಿಮ್ಮ ಕಡೆಯವರ ಎದೆ ಇಷ್ಟು ಮೆತ್ತಗಾ?" ಎಂದು ಸಾವಿಗೆ ಬಂದ ಹೆಂಗಸೊಬ್ಬಳು ಕೇಳಿದ್ದು ಪಾಲಿಶಕ್ಕನಿಗೆ ಇನ್ನೂ ನೆನಪಿತ್ತು.

ತನ್ನ ಎದೆ ಮೆತ್ತಗಲ್ಲ ಎಂಬುದು ಅವಳ ಹೆಮ್ಮೆ. ದಿನವೆಲ್ಲ ಸ್ಪಿರಿಟ್ಟಿನಲ್ಲಿ ಕೈ ಅದ್ದಿದವಳು ಒಂದು ಹನಿಯನ್ನೂ ತುಟಿಗೆ ತಾಗಿಸಿರಲಿಲ್ಲ. ಬಡಗಿ ಸಂಜೆ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಅರ್ಧ ಲೋಟ ಹಾಕುವವನು. ಅವನನ್ನು ಕಂಡಾಗಲೆಲ್ಲ ಅವಳು ಬಿಡುತ್ತಿರಲಿಲ್ಲ.

"ಮನಸ್ಸು ಗಟ್ಟಿ ಇರಬೇಕು ಕಣೋ. ಗಟ್ಟಿ ಇದ್ದರೆ ಯಾವುದೂ ಹತ್ತಿರ ಸುಳಿಯಲ್ಲ."

"ನಿನ್ನ ಮನಸ್ಸು ತೇಗದ ಹಲಗೆ ಅಕ್ಕ. ನಂದು ಪ್ಲೈವುಡ್ಡು" ಎಂದು ನಗುತ್ತ ಅವನು ಲೋಟದ ತಳದಲ್ಲಿ ಉಳಿದದ್ದನ್ನು ಗಿಡಕ್ಕೆ ಚೆಲ್ಲಿ ಏಳುತ್ತಿದ್ದ. ಇಪ್ಪತ್ತು ವರ್ಷದಿಂದ ಅವನದು ಅರ್ಧ ಲೋಟ. ಮುಕ್ಕಾಲು ಆದದ್ದನ್ನು ಯಾರೂ ನೋಡಿರಲಿಲ್ಲ.

ಅಮ್ಮ "ಬಂದಿರಾ?" ಎನ್ನುವ ಕೆಲವು ವಾರ ಮೊದಲು ಪಾಲಿಶಕ್ಕನಿಗೆ ಕೆಮ್ಮು ಶುರುವಾದದ್ದು ಹನ್ನೆರಡು ಜನ ಕೂರುವ ಒಂದು ಹಳೆಯ ಊಟದ ಮೇಜಿನಿಂದ. ಅದರ ಹಳೆ ಬಣ್ಣವನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಬೇಕಿತ್ತು. ವಾರಗಟ್ಟಲೆ ಉಜ್ಜಿದ ಧೂಳು ಎದೆಗಿಳಿದು ಕೂತಿತು. ಉಸಿರು ಎಳೆದರೆ ಕೆಮ್ಮು, ಕೆಮ್ಮಿದರೆ ಕೈ ಅಲ್ಲಾಡಿ ಪಾಲಿಶಿನಲ್ಲಿ ಗೀರು. ಕೊನೆಗೆ ಅಮ್ಮನೇ ಅವಳನ್ನು ಹೊರಡಿಸಿಕೊಂಡು ಕ್ಲಿನಿಕ್ಕಿಗೆ ಹೋದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎದೆ, ಬೆನ್ನು ಎಲ್ಲ ನೋಡಿ, ಔಷಧಿ ಬರೆಯುವ ಮುಂಚೆ ಪೆನ್ನು ನಿಲ್ಲಿಸಿದಳು. "ಇದು ಸ್ವಲ್ಪ ಜೋರಾದ ಸಿರಪ್ಪು. ಕೊಡೋ ಮುಂಚೆ ಒಂದು ಮಾತು ಕೇಳಬೇಕು, ಬೇಜಾರು ಮಾಡ್ಕೋಬೇಡಿ. ಮನೇಲಿ ಯಾರಿಗಾದ್ರೂ ಕುಡಿತ, ನಿದ್ದೆ ಮಾತ್ರೆ, ಅಂಥ ಯಾವುದಾದ್ರೂ ಚಟ ಇತ್ತಾ? ಅಪ್ಪ, ತಾತ, ಅತ್ತೆ, ಯಾರಿಗಾದ್ರೂ?"

"ಇಲ್ಲಮ್ಮ" ಎಂದಳು ಪಾಲಿಶಕ್ಕ. ಯೋಚಿಸಿ ಹೇಳಿದ್ದಲ್ಲ. ಬಾಗಿಲು ತಟ್ಟಿದರೆ ಯಾರು ಎನ್ನುವ ಹಾಗೆ ಬಾಯಿಗೆ ಬಂದ ಉತ್ತರ.

ಪಕ್ಕದಲ್ಲಿ ಕೂತಿದ್ದ ಅಮ್ಮ, "ನಮ್ಮ ಮನೆಯವರು ಟೀ ಕೂಡ ಕುಡೀತಿರಲಿಲ್ಲ" ಎಂದು ಸೇರಿಸಿದರು.

ಅಪ್ಪ ದಿನಕ್ಕೆ ಆರು ಲೋಟ ಟೀ ಕುಡಿಯುತ್ತಿದ್ದರು. ದಾರಿಯುದ್ದಕ್ಕೂ ತಾಯಿ ಮಗಳು ಅದರ ಬಗ್ಗೆ ಮಾತಾಡಲಿಲ್ಲ.

ಕಂದು ಬಣ್ಣದ ಗಾಜಿನ ಬಾಟಲಿ. ಬೆಳಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ, ಐದು ದಿನ. ಮೊದಲ ಮುಚ್ಚಳ ಕುಡಿದಾಗ ಕಹಿ, ಆಮೇಲೆ ಸಿಹಿ. ಕಾಲು ಗಂಟೆಯ ಮೇಲೆ ಕೆಮ್ಮು ಇಳಿಯಿತು. ಜೊತೆಗೆ ಇನ್ನೊಂದು ಆಯಿತು. ಹುಟ್ಟಿದಾಗಿನಿಂದ ತಲೆಯೊಳಗೆ ಯಾವುದೋ ಯಂತ್ರ ಓಡುತ್ತಿತ್ತು, ಅದು ನಿಂತಿತು. ಅಂಥದ್ದೊಂದು ಸದ್ದು ಇತ್ತೆಂದು ಅವಳಿಗೆ ತಿಳಿದದ್ದೇ ಅದು ನಿಂತ ಮೇಲೆ. ಉಳಿದವರೆಲ್ಲ ಯಾವಾಗಲೂ ಇಷ್ಟು ಹಗುರಾಗಿ ಇರುತ್ತಾರೇನೋ ಎಂದುಕೊಂಡು ಅವಳಿಗೆ ಅಳು ಬಂತು. ಬಹಳ ವರ್ಷದಿಂದ ಯಾರೋ ಒಂದು ಬಾಗಿಲು ತೆರೆದಿಟ್ಟು, ಕುರ್ಚಿ ಎಳೆದಿಟ್ಟು ತನಗಾಗಿ ಕಾಯುತ್ತಿದ್ದ ಹಾಗಿತ್ತು.

ಆರನೇ ದಿನ ಕೆಮ್ಮು ಇರಲಿಲ್ಲ. ಏಳನೇ ದಿನ ಅವಳು ಎರಡನೇ ಬಾಟಲಿ ತಂದಳು.

ಮೂರನೇ ಬಾಟಲಿಯ ಹೊತ್ತಿಗೆ ಅದು ಅಂಗಡಿಯಲ್ಲಿ ಅರಗಿನ ಡಬ್ಬಿಗಳ ಹಿಂದೆ ಇರತೊಡಗಿತ್ತು. ಮೂರು ಗಂಟೆಗೆ ಬೀದಿ ನಿದ್ದೆ ಹೋದಾಗ ಅವಳು ಡಬ್ಬಿ ಸರಿಸುತ್ತಿದ್ದಳು. ಮುಚ್ಚಳದ ಲೆಕ್ಕ ಬಿಟ್ಟುಹೋಗಿತ್ತು. ಆಮೇಲೆ ಹಿಂಬಾಗಿಲು ದೂಡಿಕೊಂಡು ಒಳಗೆ ಹೋಗುತ್ತಿದ್ದಳು. ಅಮ್ಮ "ಬಂದಿರಾ?" ಎಂದದ್ದು ಅಂಥ ಒಂದು ಮಧ್ಯಾಹ್ನ.

ಅದು ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿದರು. ಅದರ ಮಾರನೇ ದಿನವೂ ಕೇಳಿದರು. ಒಂದು ಮಧ್ಯಾಹ್ನ ಪಾಲಿಶಕ್ಕ ಒಳಗೆ ಬಂದಾಗ ಅಮ್ಮನ ಎದುರಿಗೆ ಇನ್ನೊಂದು ಬೆತ್ತದ ಕುರ್ಚಿ ಇತ್ತು. ಗೋಡೆ ಪಕ್ಕ ಇರುತ್ತಿದ್ದದ್ದು. ಯಾರೋ ಬಂದು ಕೂರಲಿ ಎಂಬಂತೆ ಅದನ್ನು ಓರೆಯಾಗಿ ಎಳೆದಿಟ್ಟಿದ್ದರು.

"ಇದು ಯಾರಿಗಮ್ಮ?"

"ದಿನಾ ಬಂದು ನಿಂತೇ ಇರ್ತಾರೆ. ಪಾಪ, ಕೂತ್ಕೊಳ್ಳಲಿ ಅಂತ."

ಆ ಖಾಲಿ ಕುರ್ಚಿಯನ್ನು ಗೋಡೆಗೆ ಸೇರಿಸಲು ಪಾಲಿಶಕ್ಕನಿಗೆ ಕೈ ಬರಲಿಲ್ಲ. ಕೂರಲೂ ಧೈರ್ಯವಾಗಲಿಲ್ಲ. ನಿಂತೇ ನೀರು ಕುಡಿದು ಅಂಗಡಿಗೆ ಹೋದಳು.

ಊಟದ ಮೇಜಿಗೆ ಆಗ ಕೊನೆಯ ಕೈ ನಡೆಯುತ್ತಿತ್ತು. ಪಾಲಿಶ್ ಸಮನಾಗಿದೆಯೇ ಎಂದು ನೋಡಲು ಮೇಜಿನ ಮಟ್ಟಕ್ಕೆ ತಲೆ ಬಗ್ಗಿಸಿ, ಕಿಟಕಿಯ ನೆರಳು ಅದರಲ್ಲಿ ನೆಟ್ಟಗೆ ಬೀಳುತ್ತದೆಯೇ ಎಂದು ಗಮನಿಸಬೇಕು. ಅವಳು ಬಗ್ಗಿದಳು. ಹೊಳಪಿನೊಳಗೆ ಕೆಳಗಿನಿಂದ ಒಂದು ಮುಖ ಅವಳನ್ನು ನೋಡಿತು. ಅದು ಎಡಗೈ ಹೆಬ್ಬೆರಳಿನಿಂದ ಬಾಯಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ತುಟಿ ಒರೆಸಿಕೊಳ್ಳುತ್ತಿತ್ತು. ಅಪ್ಪ ಹಾಗೆ ಒರೆಸಿಕೊಳ್ಳುತ್ತಿದ್ದರು. ಅವಳು ಬೆಚ್ಚಿ ಕೈ ಕೆಳಗಿಳಿಸಿದಳು. ಕೈ ಮೇಲೆ ಹೋಗಿತ್ತೆಂಬುದೇ ಅವಳಿಗೆ ತಿಳಿದಿರಲಿಲ್ಲ.

ಆ ಸಂಜೆ ಕಸ ಎಸೆದು ಬರುವಾಗ ಅಂಗಡಿಯೊಳಗಿಂದ ಒಂದು ಸದ್ದು ಕೇಳಿಸಿತು. ಟಿಣ್, ಟಿಣ್, ಟಿಣ್, ಟಪ್. ಸ್ವಲ್ಪ ಬಿಟ್ಟು ಮತ್ತೆ ಟಿಣ್, ಟಿಣ್, ಟಪ್. ಒಳಗೆ ಇಣುಕಿದಳು. ದೀಪ ಹಾಕಿರಲಿಲ್ಲ, ಅಮ್ಮನಿಗೆ ದೀಪ ಬೇಕಿಲ್ಲವಲ್ಲ. ಬಾಟಲಿಯೊಂದನ್ನು ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬರುತ್ತಿದ್ದರು. ಖಾಲಿ ಇರುವಷ್ಟು ಗಾಜು ಟಿಣ್ ಎನ್ನುತ್ತದೆ, ದ್ರವ ಶುರುವಾದ ಕಡೆ ಟಪ್ ಎನ್ನುತ್ತದೆ. ಸದ್ದು ಬದಲಾದ ಜಾಗದಲ್ಲಿ ಬೆರಳಿಟ್ಟು, ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು ಕಟ್ಟಿದರು.

ಸ್ಪಿರಿಟ್ ಬಾಟಲಿ ಇರಬೇಕು, ಅಮ್ಮನಿಗೂ ಏನಾದರೂ ಕೆಲಸ ಬೇಕಲ್ಲ ಎಂದುಕೊಂಡು ಪಾಲಿಶಕ್ಕ ಹಿಂದೆ ಸರಿದಳು.

ಮಾರನೇ ದಿನ ಮೂರು ಗಂಟೆಗೆ ಡಬ್ಬಿ ಸರಿಸಿದಳು. ಕಂದು ಬಾಟಲಿಗೆ ಕೆಂಪು ದಾರ ಕಟ್ಟಿತ್ತು.

ಕಣ್ಣಿಲ್ಲದ ಅಮ್ಮ ಸ್ಪಿರಿಟ್ ಎಂದುಕೊಂಡು ಕಟ್ಟಿದ್ದಾರೆ, ಅಷ್ಟೇ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಕುಡಿದಳು. ಸಿರಪ್ಪು ದಾರಕ್ಕಿಂತ ಎರಡು ಬೆರಳು ಕೆಳಗೆ ಇಳಿಯಿತು. ಅಮ್ಮ ತಪ್ಪಿ ಕಟ್ಟಿದ್ದಾದರೆ ಅದು ಎಲ್ಲಿದ್ದರೇನು? ಆದರೂ ಅವಳ ಕೈ ಸುಮ್ಮನಿರಲಿಲ್ಲ. ಗಂಟನ್ನು ನಾಲಿಗೆಯಿಂದ ಒದ್ದೆ ಮಾಡಿ ಸಡಿಲಿಸಿತು, ದಾರವನ್ನು ಹೊಸ ಮಟ್ಟಕ್ಕೆ ಇಳಿಸಿತು, ಮತ್ತೆ ಗಂಟು ಹಾಕಿ ತುದಿಯನ್ನು ಹಲ್ಲಿನಲ್ಲಿ ಎಳೆಯಿತು. ದಿನಾ ಸಂಜೆ ಅವಳು ಹಾಕುವ ಗಂಟಲ್ಲ ಅದು. ಆದರೂ ಅಷ್ಟು ನಯವಾಗಿ, ಅಷ್ಟು ಬೇಗ, ವರ್ಷಗಟ್ಟಲೆ ಮಾಡಿ ಪಳಗಿದ ಕೈಯ ಹಾಗೆ.

ನಾಲ್ಕು ದಿನ ಹೀಗೆ ನಡೆಯಿತು. ಐದನೇ ದಿನ ಬಾಟಲಿ ಖಾಲಿ.

ಔಷಧಿ ಅಂಗಡಿಯವರಿಗೆ ಬೀದಿಯವರು ಮೇಷ್ಟ್ರು ಎನ್ನುತ್ತಿದ್ದರು. ಔಷಧಿ ಕೊಟ್ಟು, ಹೇಗೆ ಕುಡಿಯಬೇಕೆಂದು ಪಾಠ ಒಪ್ಪಿಸಿಕೊಂಡೇ ಬಿಡುತ್ತಿದ್ದ ಮನುಷ್ಯ. ಅವಳನ್ನು ಕಂಡವರೇ ಗಲ್ಲಾ ದಾಟಿ ಹೊರಗೆ ಬಂದರು. ಉಳಿದ ಗಿರಾಕಿಗಳಿಗೆ ಕೇಳಿಸದಂತೆ ಅವಳನ್ನು ಬದಿಯ ಸ್ಟೂಲಿನಲ್ಲಿ ಕೂರಿಸಿದರು.

"ಪಾಲಿಶಕ್ಕ, ಇದು ನಾಲ್ಕನೇದು. ಎರಡನೇದು ಕೊಟ್ಟಾಗಲೇ ನಾನು ಕೇಳಬೇಕಾಗಿತ್ತು, ನಿಮ್ಮ ಮೇಲಿನ ಗೌರವಕ್ಕೆ ಕೇಳಲಿಲ್ಲ. ತಪ್ಪು ನಂದು."

"ಕೆಮ್ಮು ಮೇಷ್ಟ್ರೇ."

"ನೀವು ಬಂದು ಎಂಟು ನಿಮಿಷ ಆಯ್ತು, ಒಂದು ಸಲವೂ ಕೆಮ್ಮಲಿಲ್ಲ. ನಾನು ಕೊಡದಿದ್ರೆ ಇನ್ನೊಂದು ಅಂಗಡಿ ಇದೆ, ತಡೆಯೋಕೆ ನನ್ನಿಂದ ಆಗಲ್ಲ. ಹೋಗೋ ಮುಂಚೆ ಒಂದು ಲೋಟ ನೀರು ಕುಡೀರಿ. ಸೆಕೆ ಇದೆ."

ನೀರು ಮುಟ್ಟದೆ ಎದ್ದು ಬಂದಳು. ಮೈಯೆಲ್ಲ ಸಿಟ್ಟು. ಬಸ್ ನಿಲ್ದಾಣದ ಹತ್ತಿರ, ಯಾರೂ ಗುರುತಿಸದ ಒಂದು ಅಂಗಡಿಯಲ್ಲಿ ಏನೂ ಕೇಳದೆ ಕೊಟ್ಟರು. ಅಲ್ಲೇ, ಗೋಡೆಯ ಮರೆಯಲ್ಲಿ ನಿಂತು ಮುಚ್ಚಳ ತಿರುವಿದಳು. ವಾಪಸು ಬರುವಾಗ ಮಾತ್ರ ತನ್ನ ಕಾಲುಗಳ ಕಡೆಗೆ ಗಮನ ಹೋಯಿತು. ಹಿಮ್ಮಡಿ ಊರಿ, ಒಂದು ಕ್ಷಣ ತಡೆದು, ಆಮೇಲೆ ಬೆರಳು ಊರಿ ಅವು ನಡೆಯುತ್ತಿದ್ದವು. ನಿಲ್ಲಿಸೋಣವೆಂದು ಜೋರಾಗಿ ಹೆಜ್ಜೆ ಹಾಕಿದಳು. ಹತ್ತು ಹೆಜ್ಜೆಯಲ್ಲಿ ಮತ್ತೆ ಅದೇ ನಡಿಗೆ ಬಂತು.

ಅಂಗಡಿಯಲ್ಲಿ ಅಮ್ಮ ಅವಳ ಕೆಲಸದ ಮಣೆಯ ಮೇಲೆ ಕೂತಿದ್ದರು. ಮಡಿಲಲ್ಲಿ ದಾರ ಕಟ್ಟಿದ ಖಾಲಿ ಬಾಟಲಿ.

"ಬಂದಿರಾ ಅಂತ ಕೇಳಲ್ಲ ಇವತ್ತು" ಎಂದರು. "ಬಾ, ಕೂತ್ಕೋ. ಈ ಗಂಟು ಯಾರು ಹಾಕಿದ್ದು?"

"ನೀನೇ ಅಲ್ವಾ ದಾರ ಕಟ್ಟಿದ್ದು?"

"ದಾರ ನಂದು. ಗಂಟು ನಂದಲ್ಲ. ನಾನು ಎರಡು ಸುತ್ತು ಹಾಕಿ ಬಿಗೀತೀನಿ, ನಿನಗೆ ಕಲಿಸಿದ್ದೂ ಅದೇ. ಇದು ಒಂದೇ ಸುತ್ತು. ತುದಿ ಹಲ್ಲಿಗೆ ಸಿಕ್ಕಿ ಜಜ್ಜಿದೆ, ನೋಡು." ಅಮ್ಮ ಅವಳ ಬೆರಳು ಹಿಡಿದು ದಾರದ ತುದಿಗೆ ಮುಟ್ಟಿಸಿದರು. "ನಿಮ್ಮಪ್ಪ ಹಾಕ್ತಿದ್ದ ಗಂಟು ಇದು."

ಪಾಲಿಶಕ್ಕ ಬೆರಳು ಹಿಂದಕ್ಕೆಳೆದುಕೊಂಡಳು.

"ಅವರು ಕುಡೀತಿದ್ದದ್ದು ಹೊರಗಲ್ಲ ಕಣೆ. ಇಲ್ಲೇ, ಈ ಸ್ಪಿರಿಟ್ಟು. ಎಷ್ಟು ಇಳೀತು ಅಂತ ನೋಡೋಕೆ ನಾನು ದಾರ ಕಟ್ಟೋಳು. ಅವರು ಕುಡಿದು ದಾರ ಇಳಿಸೋರು. ಇದೇ ಗಂಟು, ಇದೇ ಹಲ್ಲು. ನನಗೆ ಗೊತ್ತು ಅಂತ ಅವರಿಗೆ ಗೊತ್ತು. ಇಬ್ಬರೂ ಬೆಕ್ಕಿನ ಹಾಗೆ ಕಣ್ಣು ಮುಚ್ಕೊಂಡು ಸಂಸಾರ ಮಾಡಿದ್ವಿ."

"ಅಪ್ಪ ದಾರ ಇಳಿಸಿದ್ದು ನಾನು ಯಾವತ್ತೂ ನೋಡಿಲ್ಲಮ್ಮ. ನನಗೆ ಯಾರೂ ಹೇಳಿಲ್ಲ."

"ಗೊತ್ತು. ಅದಕ್ಕೇ ಮೊನ್ನೆ ಗಂಟು ಮುಟ್ಟಿದಾಗ ನನ್ನ ಕೈ ತಣ್ಣಗಾಯ್ತು."

"ಕಸುಬಿನ ಕ್ರಮ ಅಂದಿದ್ದೆ ನನಗೆ."

"ಹದಿನಾಲ್ಕು ವರ್ಷದ ಹುಡುಗಿ, ಯಾಕಮ್ಮ ದಾರ ಅಂತ ಕೇಳಿದ್ರೆ ಇನ್ನೇನು ಹೇಳಲಿ? ಹೇಳಿಬಿಟ್ಟೆ. ನೀನು ನಂಬಿ ಕಟ್ಟುತ್ತಾ ಬಂದೆ. ಬಡಗಿಗೂ ಕಲಿಸಿದೆ ಅಂದಾಗ ನಗು ಬಂತು, ಒಳಗೆ ಹೋಗಿ ಅತ್ತುಬಿಟ್ಟೆ."

ಹೊರಗೆ ಬಡಗಿ ಹಲಗೆ ಹೆರೆಯುವ ರಂದದ ಸದ್ದು ಕೇಳುತ್ತಿತ್ತು. ಅಮ್ಮ ಮುಂದುವರಿಸಿದರು. "ನನಗೆ ಅರುಳುಮರುಳು ಅಂದ್ಕೊಂಡಿದ್ದೆ ನೀನು. ಅಲ್ಲ. ಕುಡಿದೋರು ತೂರಾಡ್ತಾರೆ ಅಂತಾರಲ್ಲ, ಅವರು ತೂರಾಡ್ತಿರಲಿಲ್ಲ. ಯಾರಿಗೂ ಗೊತ್ತಾಗಬಾರದು ಅಂತ, ಮಲಗಿರೋ ಮಗುನ ದಾಟೋ ಹಾಗೆ ನಡೆಯೋರು. ಮೊದಲನೇ ದಿನ ನಿನ್ನ ಹೆಜ್ಜೆ ಹಾಗೆ ಕೇಳಿದಾಗ ನಿಜವಾಗ್ಲೂ ಅವರೇ ಅಂದ್ಕೊಂಡೆ. ಆಮೇಲೆ ನೀನು ಅಂತ ಗೊತ್ತಿದ್ದೂ ಕೇಳಿದೆ. ನೀನಾಗಿ ಹೇಳ್ತೀಯೇನೋ ಅಂತ."

"ನಾನು ಅಪ್ಪ ಅಲ್ಲಮ್ಮ. ನಾನು ಮುಟ್ಟಿದೋಳೇ ಅಲ್ಲ."

"ಚೀಲದಲ್ಲಿ ಏನಿದೆ?"

ಚೀಲದಲ್ಲಿ ಬಸ್ ನಿಲ್ದಾಣದ ಬಾಟಲಿ ಇತ್ತು. ಅಮ್ಮ ಕೈ ಚಾಚಿದರು. ಪಾಲಿಶಕ್ಕನ ಕೈ ಚೀಲವನ್ನು ಎದೆಗೆ ಅವುಚಿಕೊಂಡಿತು. ಹೆತ್ತ ತಾಯಿಯ ಚಾಚಿದ ಕೈ ಎದುರಿಗಿದ್ದರೂ ಬಾಟಲಿ ಕೊಡಲು ಮನಸ್ಸು ಬಾರದ್ದನ್ನು ಕಂಡು ಅವಳಿಗೆ ಮೊದಲ ಸಲ ನಿಜವಾದ ಹೆದರಿಕೆ ಆಯಿತು. ಇದು ತನ್ನ ಕೈ ಅಲ್ಲ. ಮನಸ್ಸು ಗಟ್ಟಿ ಎಂದು ಮೂವತ್ತೊಂದು ವರ್ಷ ಹೇಳಿಕೊಂಡ ಬಾಯಿಯೂ ಈಗ ತನ್ನದಲ್ಲ.

ಅಮ್ಮ ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ, ಕಸಿಯಲೂ ಇಲ್ಲ. "ಮೂರು ಸಲ ಎದೆನೋವು ಅಂತ ಹೇಳಿದೀನಿ ಈ ಬಾಯಲ್ಲಿ. ನಿಮ್ಮ ತಾತನಿಗೆ, ನಿಮ್ಮತ್ತೆಗೆ, ನಿಮ್ಮಪ್ಪನಿಗೆ. ನಾಲ್ಕನೇದು ನಾನು ಹೇಳಲ್ಲ. ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ. ಸುಳ್ಳು ಹೇಳಿದ್ದು ನಾನೂ ಹೌದಲ್ವಾ, ಇಬ್ಬರೂ ಸೇರಿ ಒಪ್ಕೊಳ್ಳೋಣ."

ಎಷ್ಟೋ ಹೊತ್ತಿನ ಮೇಲೆ ಚೀಲ ಅಮ್ಮನ ಕೈಗೆ ಬಂತು.

ಕ್ಲಿನಿಕ್ಕಿನಲ್ಲಿ ಅಮ್ಮನೇ ಮೊದಲು ಮಾತಾಡಿದರು. "ಆವತ್ತು ಟೀ ಕೂಡ ಕುಡೀತಿರಲಿಲ್ಲ ಅಂದೆ. ಟೀ ಆರು ಲೋಟ. ಮಿಕ್ಕಿದ್ದು ಲೆಕ್ಕ ಇಲ್ಲ. ಅವರಪ್ಪ, ಅವರ ತಂಗಿ, ಮೂರೂ ಜನ."

ಡಾಕ್ಟರಮ್ಮ ಬೈಯಲಿಲ್ಲ. ಹಳೆಯ ಹಾಳೆ ಹುಡುಕಿ, ಇಲ್ಲ ಎಂದಿದ್ದ ಕಡೆ ಗೆರೆ ಎಳೆದು, ಮೂವರನ್ನೂ ಬರೆದುಕೊಂಡಳು. ಬಾಟಲಿಗಳ ಸಂಖ್ಯೆ ಕೇಳಿ ಅದನ್ನೂ ಬರೆದಳು.

"ಕುಡಿತ ರಕ್ತದಲ್ಲಿ ಬರಲ್ಲ. ಬೇಗ ಹಿಡಿದುಕೊಳ್ಳೋ ಗುಣ ಬರುತ್ತೆ. ಅದೂ ಒಂದು ಜೀನಿನ ಕೆಲಸ ಅಲ್ಲ, ಬೇಕಾದಷ್ಟು ಸೇರಿರ್ತವೆ. ಹೆಚ್ಚು ಕಡಿಮೆ ಅರ್ಧ ಪಾಲು ಅದು. ಇನ್ನರ್ಧ ನಾವು ಬೆಳೆದ ಮನೆ, ಪಟ್ಟ ಪಾಡು, ಕೈಗೆ ಸಿಗೋ ವಸ್ತು. ಇದೇ ಸಿರಪ್ಪು ಹತ್ತು ಜನಕ್ಕೆ ಕೊಟ್ಟರೆ ಎಂಟೊಂಬತ್ತು ಜನ ಕೆಮ್ಮು ಹೋಯ್ತು ಅಂತ ಬಾಟಲಿ ಮರೆತುಬಿಡ್ತಾರೆ."

ಗಿಡಕ್ಕೆ ಲೋಟ ಚೆಲ್ಲಿ ಏಳುವ ಬಡಗಿ ಪಾಲಿಶಕ್ಕನಿಗೆ ನೆನಪಾದ. ಅವನ ಮನಸ್ಸು ಗಟ್ಟಿ ಎಂದಲ್ಲ. ಅವನ ಲೋಟ ಅವನನ್ನು ಕರೆಯುವುದೇ ಇಲ್ಲ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲಮ್ಮ" ಎಂದರು ಅಮ್ಮ, ಕುಗ್ಗಿದ ದನಿಯಲ್ಲಿ.

"ಹೋಗಲ್ಲ ಅಜ್ಜಿ. ಆದರೆ ಇದೆ ಅಂತ ಗೊತ್ತಿದ್ರೆ, ನಾವು ಸುಟ್ಟುಕೊಳ್ಳೋದು ತಪ್ಪುತ್ತೆ."

ಪಾಲಿಶಕ್ಕ ತನ್ನ ಅರಗಿನ ಕಲೆಯ ಬೆರಳುಗಳನ್ನು ನೋಡುತ್ತ ಹೇಳಿದಳು. "ಕೆಲವು ಮರ ಪಾಲಿಶ್ ಕುಡಿಯುತ್ವೆ ಡಾಕ್ಟ್ರೇ. ಎಷ್ಟು ಹಾಕಿದ್ರೂ ಇನ್ನೂ ಕೇಳುತ್ವೆ. ಅಂಥದಕ್ಕೆ ಮೊದಲು ಸೀಮೆಸುಣ್ಣದ ಪುಡಿ ತಿಕ್ಕಿ ತೂತು ಮುಚ್ಚಬೇಕು. ಅದಕ್ಕೇ ನಾನು ಯಾವ ಮರ ಅಂತ ಕೇಳದೆ ಕೆಲಸ ಹಿಡಿಯಲ್ಲ. ನೀವೂ ಕೇಳಿದ್ರಿ. ನಾನು ಬೇರೆ ಮರದ ಹೆಸರು ಹೇಳಿದೆ."

ಒಮ್ಮೆಲೇ ಬಿಡುವುದು ಬೇಡ, ದಿನದಿನಕ್ಕೆ ಇಳಿಸೋಣ ಎಂದಳು ಡಾಕ್ಟರಮ್ಮ. ಬಾಟಲಿ ಅಮ್ಮನ ಹತ್ತಿರ, ಅಳತೆ ಅಮ್ಮನ ಕೈಯಿಂದ, ವಾರಕ್ಕೊಮ್ಮೆ ಇಲ್ಲಿಗೆ. ಅವರು ಎದ್ದು ಹೊರಡುವಾಗ ಡಾಕ್ಟರಮ್ಮನೇ ಅಮ್ಮನ ಚಪ್ಪಲಿಯನ್ನು ಹುಡುಕಿ, ಬಗ್ಗಿ, ಕಾಲಿನ ಹತ್ತಿರ ಇಟ್ಟಳು.

ಆ ವಾರಗಳು ಸುಲಭವಿರಲಿಲ್ಲ. ಬೆವರು, ಆಕಳಿಕೆ, ಕಾಲುಗಳೊಳಗೆ ಇರುವೆ ಹರಿದ ಹಾಗೆ. ಪಾಲಿಶಕ್ಕ ಅಳತೆ ಮುಚ್ಚಳಕ್ಕಾಗಿ ಅಮ್ಮನ ಮೇಲೆ ರೇಗಿದಳು, ಒಂದು ದಿನ ಬಾಟಲಿ ಹುಡುಕಿ ಅಮ್ಮನ ಪೆಟ್ಟಿಗೆಯನ್ನೆಲ್ಲ ಕೆದರಿದಳು, ಆಮೇಲೆ ಒಂದೊಂದೇ ಬಟ್ಟೆ ಮಡಚಿ ಇಟ್ಟಳು. ಅಮ್ಮ ಪ್ರತಿ ಸಂಜೆ ಅವಳ ಮುಂದೆಯೇ ಬಾಟಲಿ ತಟ್ಟಿ, ಅವಳ ಮುಂದೆಯೇ ದಾರ ಕಟ್ಟಿದರು. ಎರಡು ಸುತ್ತಿನ ಗಂಟು. ಬಡಗಿಗೆ ಯಾರು ಏನು ಹೇಳಿದರೋ, ಅವನು ಸಂಜೆಯ ಕುರ್ಚಿಯನ್ನು ಬೀದಿಯಿಂದ ಒಳಗೆ ತೆಗೆದುಕೊಂಡು ಹೋಗಿದ್ದ. ಮೂರು ಗಂಟೆಗೆ ಸರಿಯಾಗಿ "ಅಕ್ಕ, ಈ ಹಲಗೆ ಹಿಡ್ಕೋ ಬಾ" ಎಂದು ಏನಾದರೂ ನೆಪ ಮಾಡುತ್ತಿದ್ದ. ಅವನ ಹಲಗೆ ಹಿಡಿಯಲು ಇನ್ನೊಬ್ಬರು ಬೇಕಾದದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

ಬಾಟಲಿ ಮುಗಿಯಿತು. ಹೊಸದು ಬರಲಿಲ್ಲ. ಮನೆಯೊಳಗೆ ಪಾಲಿಶಕ್ಕ ಈಗ ಚಪ್ಪಲಿ ಹಾಕಿಕೊಂಡೇ, ಟಪಟಪ ಸದ್ದು ಮಾಡುತ್ತ ಓಡಾಡುತ್ತಾಳೆ. ನಡೆಯುತ್ತಿರುವವರು ಯಾರೆಂದು ಅಮ್ಮನಿಗೆ ತಿಳಿಯಲಿ ಎಂದು.

ಬಡಗಿ ಊರಲ್ಲಿಲ್ಲದ ಒಂದು ಮಧ್ಯಾಹ್ನ. ಪಾಲಿಶಕ್ಕ ಅಮ್ಮನ ಪಕ್ಕ ನೆಲದ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. ಚಪ್ಪಲಿ ಮೂಲೆಯಲ್ಲಿತ್ತು. ಬೀದಿಯಲ್ಲಿ ಸದ್ದಿರಲಿಲ್ಲ. ಮೂರು ಗಂಟೆ ಆಗಿರಬೇಕು. ಅಂಗಡಿಯ ಕಡೆಯಿಂದ ಒಂದು ಹೆಜ್ಜೆ ಕೇಳಿಸಿತು. ಹಿಮ್ಮಡಿ, ಒಂದು ಕ್ಷಣ ತಡೆದು, ಬೆರಳು. ಇನ್ನೊಂದು. ಇನ್ನೊಂದು. ಮಲಗಿರುವ ಮಗುವನ್ನು ದಾಟುವ ಹಾಗೆ.

ಪಾಲಿಶಕ್ಕನ ನಾಲಿಗೆಯ ಮೇಲೆ, ಎಲ್ಲಿಂದಲೋ, ಕಹಿಯ ಹಿಂದಿನ ಆ ಸಿಹಿ ಬಂತು. ಅಮ್ಮನ ಕಡೆ ನೋಡಿದಳು. ಅಮ್ಮನ ಕೈ ಬಟ್ಟೆಯ ಮೇಲೆ ನಿಂತಿತ್ತು, ಮುಖ ಹಿಂಬಾಗಿಲ ಕಡೆ ತಿರುಗಿತ್ತು. ಆದರೆ ಅವರು ಏನೂ ಕೇಳಲಿಲ್ಲ. ಕಾಯುತ್ತಿದ್ದರು.

ಏನೂ ಇಲ್ಲ ಎನ್ನಬಹುದಿತ್ತು. ಆ ಮನೆಯಲ್ಲಿ ಎಲ್ಲರೂ ಹಾಗೇ ಹೇಳಿದ್ದರು.

"ಅಮ್ಮ" ಎಂದಳು ಪಾಲಿಶಕ್ಕ. "ಬಂದಿದ್ದಾರೆ."

"ಎಲ್ಲಿದ್ದಾರೆ?"

"ಬಾಗಿಲ ಹತ್ರ."

ಅಮ್ಮ ತಡಕಿ ಅವಳ ಕೈ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಎದುರಿನ ಖಾಲಿ ಕುರ್ಚಿಯನ್ನು, ಮನೆಗೆ ಬಂದವರಿಗೆ ಮಾಡುವಂತೆ, ಸ್ವಲ್ಪ ಮುಂದೆ ಎಳೆದರು.

"ಕೂತ್ಕೊಳ್ಳಲಿ" ಎಂದರು. "ಏನೂ ಕೊಡಬೇಡ. ಸ್ವಲ್ಪ ಹೊತ್ತು ಇದ್ದು ಹೋಗ್ತಾರೆ."

ಇಬ್ಬರೂ ಕೈ ಹಿಡಿದು ಕೂತರು. ಎದುರಿನ ಬೆತ್ತದ ಕುರ್ಚಿ ಒಮ್ಮೆ ಕಿರ್ ಎಂದಿತು. ಸೆಕೆಗೆ ಬೆತ್ತ ಹಾಗೆ ಸದ್ದು ಮಾಡುತ್ತದೆ. ನಾಲ್ಕು ಗಂಟೆಗೆ ಅಂಚೆಯವನು ಬಾಗಿಲು ತಟ್ಟುವವರೆಗೂ ಪಾಲಿಶಕ್ಕ ಅಮ್ಮನ ಕೈ ಬಿಡಲಿಲ್ಲ.